ಒಂಬತ್ತು ಕಿಲೋ ಕುಂಬಳಕಾಯಿ, ಹತ್ತೇ ನಿಮಿಷ

ಈ ಐವತ್ತಾರು ವರ್ಷದ ಬಾಳಿನಲ್ಲಿ ನನಗೆ ಅತಿ ಹೆಚ್ಚು ಮೋಸ ಮಾಡಿದ್ದು ಮನುಷ್ಯರಲ್ಲ, ‘ಸುಲಭ’ ಎಂಬ ಒಂದು ಶಬ್ದ. ‘ಸುಲಭವಾಗಿ ಜೋಡಿಸಿಕೊಳ್ಳಿ’ ಎಂದು ಡಬ್ಬಿಯ ಮೇಲೆ ಬರೆದಿದ್ದ ಪುಸ್ತಕದ ಕಪಾಟು ನಮ್ಮ ಪಡಸಾಲೆಯಲ್ಲಿ ಇವತ್ತಿಗೂ ಗೋಡೆಗೆ ಒರಗಿಕೊಂಡೇ ನಿಂತಿದೆ. ಮಿಕ್ಕುಳಿದ ನಾಲ್ಕು ಸ್ಕ್ರೂ ಎಲ್ಲಿಯವು ಎಂದು ಅದನ್ನು ಮಾಡಿದವರಿಗೂ ತಿಳಿದಿರಲಿಕ್ಕಿಲ್ಲ. ‘ಸುಲಭ ಯೋಗಾಸನ’ ಮಾಡಲು ಹೋಗಿ ಎಂಟು ದಿನ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಶಾಲೆಗೆ ಹೋಗಿದ್ದೇನೆ. ಹಾಗಂತ ನಾನೇನು ಸಾಚಾ ಅಲ್ಲ. ಜಮಖಂಡಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿರುವ ನಾನು, ನನಗೇ ಸರಿಯಾಗಿ ತಲೆಗೆ ಹತ್ತದ ಪಾಠ ಬಂದಾಗಲೆಲ್ಲ ‘ಇದು ಭಾಳ ಸುಲಭ ಐತಿ, ಮನಿಯೊಳಗ ಓದಕೋರಿ’ ಎಂದು ಹುಡುಗರನ್ನು ದಾಟಿಸಿ ಮುಂದೆ ಹೋದವನೇ. ಆ ಪಾಪವೆಲ್ಲ ಒಟ್ಟಾಗಿ ಒಂದು ಭಾನುವಾರ ಒಂಬತ್ತು ಕಿಲೋ ಕುಂಬಳಕಾಯಿಯ ರೂಪದಲ್ಲಿ ಬಸ್ಸಿನಿಂದ ಇಳಿದು ನಮ್ಮ ಮನೆಗೆ ಬಂತು.

ಕುಂಬಳಕಾಯಿಯ ಕತೆ ಹೇಳುವ ಮೊದಲು ಅದಕ್ಕೂ ನನಗೂ ಇರುವ ಸಂಬಂಧ ಹೇಳಬೇಕು. ಮದುವೆಯಾದ ಮೂವತ್ತು ವರ್ಷದಲ್ಲಿ ಅಡುಗೆಗೆ ಸಂಬಂಧಪಟ್ಟಂತೆ ನಾನು ಮಾಡಿದ ಕೆಲಸ ಒಂದೇ: ಕುಂಬಳಕಾಯಿಗೆ ಮೊದಲ ಏಟು ಹಾಕುವುದು. ನಮ್ಮಲ್ಲಿ ಇಡೀ ಕುಂಬಳಕಾಯಿಯನ್ನು ಹೆಣ್ಣುಮಕ್ಕಳು ಮೊದಲಿಗೆ ಒಡೆಯುವುದಿಲ್ಲ. ಗಂಡಸೊಬ್ಬ ಒಂದು ಏಟು ಹಾಕಬೇಕು, ಆಮೇಲೆ ಮುಂದಿನದನ್ನು ಅವರು ನೋಡಿಕೊಳ್ಳಬೇಕು. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ, ಇರುವ ಒಂದು ಕೆಲಸವೂ ಕೈಬಿಟ್ಟು ಹೋದೀತು ಎಂಬ ಹೆದರಿಕೆ. ಓಣಿಯ ಗಂಡಸರಲ್ಲಿ ಅರ್ಧ ಜನ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗುವವರು. ಅವರು ಮನೆಯಲ್ಲಿಲ್ಲದಾಗ ಹೆಂಗಸರು ಕುಂಬಳಕಾಯಿ ಹೊತ್ತುಕೊಂಡು ನಮ್ಮ ಕಟ್ಟೆಗೇ ಬರುತ್ತಾರೆ. ‘ಮಾಸ್ತರ, ಒಂದು ಏಟು ಹಾಕ್ರಿ.’ ನಾನು ಪೇಪರ್ ಮಡಚಿ, ಕನ್ನಡಕ ತೆಗೆದಿಟ್ಟು, ತೋಳು ಮೇಲೇರಿಸಿ, ಒಂದು ಏಟು ಹಾಕಿ ಮತ್ತೆ ಪೇಪರ್ ಬಿಚ್ಚುತ್ತೇನೆ. ಅಡಿಗಲ್ಲು ಹಾಕಿದ ಮಂತ್ರಿ ಅಲ್ಲೇ ನಿಂತು ಗಾರೆ ಕಲಸುತ್ತಾನೆಯೇ? ಅದರ ಸಿಪ್ಪೆ ಯಾರು ತೆಗೆಯುತ್ತಾರೆ, ಬೀಜ ಎಲ್ಲಿ ಹೋಗುತ್ತವೆ, ಇವೆಲ್ಲ ನನ್ನ ಖಾತೆಗೆ ಬರುವ ವಿಷಯಗಳಲ್ಲ. ಮಧ್ಯಾಹ್ನ ಅದೇ ಕುಂಬಳಕಾಯಿಗೆ ಬೆಲ್ಲ, ಗೋಧಿ ಹಿಟ್ಟು ಸೇರಿಸಿ ನಾದಿ, ತಟ್ಟಿ, ಎಣ್ಣೆಯಲ್ಲಿ ಕರಿದ ಗಾರಗಿ ತಾಟಿಗೆ ಬಿದ್ದಾಗ, ಇದರಲ್ಲಿ ನನ್ನ ಕೈಯೂ ಇದೆ ಎಂಬ ತೃಪ್ತಿಯಿಂದ ಎರಡು ಹೆಚ್ಚಿಗೆ ತಿನ್ನುತ್ತಿದ್ದೆ.

ಹೋದ ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಯ ಹನ್ನೊಂದು ಹೆಂಗಸರು ಸೇರಿ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದರು. ಎಂಟು ದಿನದ ಪ್ರವಾಸ. ಮಧುರೈ, ರಾಮೇಶ್ವರ, ಕನ್ಯಾಕುಮಾರಿ. ಡ್ರೈವರ್ ಒಬ್ಬನನ್ನು ಬಿಟ್ಟರೆ ಗಂಡಸರು ಯಾರೂ ಇಲ್ಲ; ಅವನನ್ನೂ ಬಿಡಬಹುದಿತ್ತು, ಆದರೆ ಹನ್ನೊಂದು ಜನರಲ್ಲಿ ಯಾರಿಗೂ ಗಾಡಿ ಹೊಡೆಯಲು ಬರುವುದಿಲ್ಲ. ನನ್ನ ಹೆಂಡತಿ ಸುವರ್ಣಾ ಗಲಗಲಿಯವಳು, ಕೃಷ್ಣೆಯ ದಂಡೆಯಲ್ಲಿ ಆಡಿ ಬೆಳೆದವಳು. ಆರನೇ ವಯಸ್ಸಿಗೆ ಈಸು ಕಲಿತವಳು. ನನ್ನನ್ನು ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ಈಸುವುದಿರಲಿ, ನಳದ ನೀರು ಹಿಡಿದಿಡುವುದೇ ಅವಳ ಜಲಕ್ರೀಡೆಯಾಯಿತು. ಆ ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು. “ಇಷ್ಟ ವರ್ಷ ಹೊಳಿ ನೋಡೇನ್ರಿ. ಒಮ್ಮೆ ಸಮುದ್ರ ನೋಡಬೇಕಾಗೇತಿ.”

“ಹೋಗಿ ಬಾ,” ಎಂದೆ ತಕ್ಷಣ. ನಾನು ಪ್ರಗತಿಪರ. ಮಹಿಳಾ ಸಬಲೀಕರಣದ ಪಾಠವನ್ನು ಪ್ರತಿವರ್ಷ ಎರಡು ಪಿರಿಯಡ್ ತೆಗೆದುಕೊಂಡು, ಕಂಠ ಬಿಗಿದು ಬರುವ ಹಾಗೆ ಮಾಡುತ್ತೇನೆ.

“ಮತ್ತ ಎಂಟು ದಿನ ನಿಮ್ಮ ಊಟ?”

“ನಾ ಮಾಡ್ಕೊತೇನಿ.”

ಸುವರ್ಣಾ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ನಕ್ಕಳು. ಎಷ್ಟು ನಕ್ಕಳೆಂದರೆ ಆ ರೊಟ್ಟಿ ಕರಕಲಾಯಿತು. ಮೂವತ್ತು ವರ್ಷದಲ್ಲಿ ಅವಳ ಕೈಯಲ್ಲಿ ರೊಟ್ಟಿ ಸುಟ್ಟಿದ್ದು ಅದೇ ಮೊದಲು. ಮಗಳು ರಬಕವಿಗೆ ಸೊಸೆಯಾಗಿ ಹೋಗಿದ್ದಾಳೆ, ಅವಳನ್ನು ಕರೆಸೋಣ ಎಂದರೆ, “ಅಕಿ ಅಲ್ಲೂ ಬೇಯಸಬೇಕು, ಇಲ್ಲೂ ಬಂದು ಬೇಯಸಬೇಕೇನು?” ಎಂದು ಆ ಬಾಗಿಲನ್ನೂ ಮುಚ್ಚಿದಳು. ಕೊನೆಗೆ ಕಣ್ಣೊರೆಸಿಕೊಂಡು ಒಂದು ಕರಾರು ಹಾಕಿದಳು. ಬರುವ ಭಾನುವಾರ ನಾನು ಅಡುಗೆಮನೆಯಲ್ಲಿ ನಿಂತು, ಸುರುವಿನಿಂದ ಕೊನೆಯವರೆಗೆ ಏನಾದರೂ ಒಂದನ್ನು ಮಾಡಿ ತೋರಿಸಬೇಕು. ಅವಳು ಹೊರಗೆ ಪಡಸಾಲೆಯಲ್ಲಿ ಕೂತಿರುತ್ತಾಳೆ. ನಾನು ಒಮ್ಮೆಯೂ ಅವಳನ್ನು ಕರೆಯಬಾರದು. ‘ಅದು ಎಲ್ಲೈತಿ, ಇದು ಎಲ್ಲೈತಿ’ ಅನ್ನಬಾರದು. ಕರೆದರೆ, ಪ್ರವಾಸ ರದ್ದು. ಭಾನುವಾರ ಸಂಜೆಯೊಳಗೆ ಅವಳು ಪ್ರವಾಸಕ್ಕೆ ತನ್ನ ಹೆಸರು ಹೇಳಿಬಿಡಬೇಕಂತೆ. ಗಾಡಿ ಮಂಗಳವಾರ ನಸುಕಿನಲ್ಲಿ ಹೊರಡುತ್ತದೆ.

“ಬ್ಯಾಳಿ ಮಾಡ್ರಿ, ಅನ್ನಾ ಮಾಡ್ರಿ. ಭಾಳ ಆತು,” ಎಂದಳು.

ಇಲ್ಲೇ ನನ್ನ ಬುದ್ಧಿ ಕೆಟ್ಟಿದ್ದು. ಬೇಳೆ, ಅನ್ನ ಇವೆಲ್ಲ ದಿನಾ ಯಾರೂ ಮಾಡುವಂಥವು. ಗಂಡಸು ವರ್ಷಕ್ಕೊಮ್ಮೆ ಅಡುಗೆಮನೆಗೆ ಹೋದರೆ ಊರು ನಾಲ್ಕು ದಿನ ಮಾತಾಡುವಂಥದ್ದನ್ನು ಮಾಡಬೇಡವೇ? ಮರುದಿನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮಾಸ್ತರ ಬಸವರಾಜನ ಎದುರು ಈ ವಿಷಯ ತೆಗೆದೆ. ಅವನು ಬ್ರಹ್ಮಚಾರಿ, ಆದ್ದರಿಂದ ಅಡುಗೆಯ ಬಗ್ಗೆ ಧೈರ್ಯವಾಗಿ ಮಾತಾಡುತ್ತಾನೆ. ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಯಾವುದೋ ದೊಡ್ಡ ಊರಿನ ಹೆಣ್ಣುಮಗಳು, ಬೆಳ್ಳಗಿನ ಅಡುಗೆಮನೆ, ಒಂದು ಕಲೆಯಿಲ್ಲದ ಏಪ್ರನ್. “ಓವನ್ ಬೇಡ, ಒಲೆ ಬೇಡ, ಹತ್ತೇ ನಿಮಿಷದಲ್ಲಿ ಕುಂಬಳಕಾಯಿ ಸಿಹಿ!” ಎಂದು ನಕ್ಕಳು. ಕೆಳಗೆ ಬಿಸ್ಕೀಟಿನ ಪುಡಿ, ಅದರ ಮೇಲೆ ಕುಂಬಳಕಾಯಿಯ ತಿರುಳು, ಕೆನೆ, ಡಬ್ಬಿಯ ಗಟ್ಟಿಹಾಲು. ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ, ಚಾಕುವಿನಿಂದ ಕತ್ತರಿಸಿ ಕೊಡುವುದು. “ಸರ್, ಒಲಿನ ಇಲ್ಲಂದ್ರ ಸುಡೂದು ಎಲ್ಲಿಂದ ಬಂತ್ರಿ? ಇದರಾಗ ಫೇಲ್ ಆಗಾಕ ಜಾಗಾನ ಇಲ್ಲ,” ಎಂದ ಬಸವರಾಜ. ನನಗೂ ಹೌದೆನಿಸಿತು. ಎಂಟು ದಿನವೂ ನಾನು ಮುಂಜಾನೆ ಸಂಜೆ ಕುಂಬಳಕಾಯಿ ಸಿಹಿ ತಿಂದೇ ಬದುಕಬೇಕಾಗುತ್ತದೆಯೋ ಎಂಬ ಯೋಚನೆ ಆ ಹೊತ್ತಿಗೆ ಇಬ್ಬರ ತಲೆಗೂ ಬರಲಿಲ್ಲ.

ಗಲಗಲಿಯ ನನ್ನ ಭಾವಮೈದುನನಿಗೆ ಫೋನ್ ಹಚ್ಚಿ, ಒಂದು ಸಣ್ಣ ಕುಂಬಳಕಾಯಿ ಕಳಿಸು ಎಂದೆ. ರೈತರ ಲೆಕ್ಕದಲ್ಲಿ ಸಣ್ಣದು ಎಂಬ ಮಾತೇ ಇಲ್ಲ. ಅದೂ ಅಕ್ಕನ ಮನೆಗೆ ಕಳಿಸುವಾಗ. ಭಾನುವಾರ ಮುಂಜಾನೆ ಬಸ್ಸಿನ ಕಂಡಕ್ಟರ್ ಅದನ್ನು ಎರಡೂ ಕೈಯಲ್ಲಿ ತಬ್ಬಿ ಇಳಿಸುತ್ತ, “ಇದಕ್ಕ ಟಿಕೆಟ್ ತಗಸಬೇಕಿತ್ತ್ರಿ ಸರ್, ಸೀಟ್ ಹಿಡದಿತ್ತು,” ಎಂದ. ಮನೆಗೆ ತಂದು ಕಟ್ಟೆಯ ಮೇಲಿಟ್ಟೆ. ಸುವರ್ಣಾ ಪಡಸಾಲೆಯ ಚಾಪೆಯ ಮೇಲೆ ಸೀರೆಗೆ ಫಾಲ್ ಹಚ್ಚುತ್ತ ಕೂತಳು. ನಾನು ಪದ್ಧತಿಯಂತೆ ಕನ್ನಡಕ ತೆಗೆದೆ, ತೋಳು ಮೇಲೇರಿಸಿದೆ, ದೊಡ್ಡ ಚಾಕುವಿನಿಂದ ಮೊದಲ ಏಟು ಹಾಕಿದೆ. ಛಲೋ ಏಟು. ಆಮೇಲೆ ಅಭ್ಯಾಸಬಲದಿಂದ ಪೇಪರ್ ಕೈಗೆತ್ತಿಕೊಂಡೆ.

ಯಾರೂ ಬರಲಿಲ್ಲ. ಪೇಪರಿನ ಮೇಲಂಚಿನಿಂದ ನೋಡಿದರೆ ಕುಂಬಳಕಾಯಿ ಕುಂತಲ್ಲೇ ಕುಂತಿದೆ, ಚಾಕು ಅದರ ನೆತ್ತಿಯಲ್ಲಿ ನೆಟ್ಟಗೆ ನಿಂತಿದೆ. ಒಳಗೆ ಸುವರ್ಣಾಳ ಸೂಜಿ ತನ್ನ ಪಾಡಿಗೆ ಹೋಗಿ ಬರುತ್ತಿದೆ. ಆಗ ನನಗೆ ಹೊಳೆದದ್ದು: ಎರಡನೇ ಏಟು ಎಂಬುದೊಂದು ಇರುತ್ತದೆ.

ಎದ್ದು ಚಾಕು ಎಳೆದೆ. ಬರಲಿಲ್ಲ. ಎಡಕ್ಕೆ ತಿರುವಿದೆ, ಬಲಕ್ಕೆ ತಿರುವಿದೆ. ಕುಂಬಳಕಾಯಿಯೇ ತಿರುಗಿತು. ಕಾಲಿನಿಂದ ಒತ್ತಿ ಹಿಡಿಯಬಹುದಿತ್ತು, ಆದರೆ ತಿನ್ನುವ ಪದಾರ್ಥ. ಮೇಲಾಗಿ ಓಣಿ ನೋಡುತ್ತಿತ್ತು. ಚಾಕು ಹಿಡಿದೇ ಮೇಲಕ್ಕೆತ್ತಿದೆ, ಒಂಬತ್ತು ಕಿಲೋ ಅದರ ಜೊತೆಗೇ ಎದ್ದಿತು. ಕಟ್ಟೆಯ ಅಂಚಿಗೆ ಕುಟ್ಟಿದರೆ ಬಿಟ್ಟೀತೆಂದು ಕುಟ್ಟಿದೆ. ಬಿಟ್ಟಿತು, ಚಾಕುವಿನಿಂದಲ್ಲ, ನನ್ನ ಕೈಯಿಂದ. ಮೂರು ಮೆಟ್ಟಿಲು ಉರುಳಿ, ಓಣಿಯ ಇಳಿಜಾರು ಹಿಡಿದು, ತಲೆಯಲ್ಲಿ ಚಾಕು ಚುಚ್ಚಿಕೊಂಡೇ ಅದು ಹೊರಟುಬಿಟ್ಟಿತು. ನಾನು ಬರಿಗಾಲಲ್ಲಿ ಅದರ ಹಿಂದೆ. ಆಟವಾಡುತ್ತಿದ್ದ ನನ್ನದೇ ಶಾಲೆಯ ಹುಡುಗಿಯರು ಬದಿಗೆ ಸರಿದು, “ನಮಸ್ತೆ ಸರ್,” ಎಂದರು. ನಾಲ್ಕು ಮನೆ ದಾಟಿ ಅದನ್ನು ನಿಲ್ಲಿಸಿದ್ದು ಕಾಶವ್ವ ಆಯಿಯ ಕಾಲು. ಕಾಶವ್ವ ಆಯಿ ನಮ್ಮ ಪಕ್ಕದ ಮನೆಯವಳು, ಎಪ್ಪತ್ತು ದಾಟಿದ ಮುದುಕಿ. ಹಾಲು ತೆಗೆದುಕೊಂಡು ಬರುತ್ತಿದ್ದಳು.

“ಏನ್ರೀ ಮಾಸ್ತರ, ಕೊಲೆ ಮಾಡೀರೇನು?” ಎಂದು ಕೇಳಿ, ಅಲ್ಲೇ ಬಗ್ಗಿ, ಚಾಕುವಿನ ಹಿಡಿಕೆಯನ್ನು ಹಿಂದೆ ಮುಂದೆ ಎರಡು ಸಲ ಆಡಿಸಿ ಒಂದು ಗುದ್ದು ಹಾಕಿದಳು. ಕಾಯಿ ಎರಡು ಹೋಳಾಯಿತು. “ಮೊದಲನೇ ಏಟು ನಂದ ಆಯಿ,” ಎಂದೆ, ಲೆಕ್ಕ ತಪ್ಪಬಾರದಲ್ಲ. ಆಯಿ ನನ್ನನ್ನು ಕನಿಕರದಿಂದ ನೋಡಿದಳು. “ಹೌದ್ರೀಪಾ, ನಿಮ್ಮದ. ನೀವು ಇಲೆಕ್ಷನ್ ಡ್ಯೂಟಿಗಿ, ಟ್ರೇನಿಂಗಿಗಿ ಅಂತ ಹೋದಾಗ ಸುವರ್ಣಾ ತಾನ ಒಡಕೊಂತಾಳಲ್ಲ, ಅವಾಗ ಯಾರದು?”

ಮೂವತ್ತು ವರ್ಷದ ಸರ್ವಿಸು ಓಣಿಯ ನಡುವೆ ಹೀಗೆ ಎರಡು ಹೋಳಾಗಿ ಬಿದ್ದಿತ್ತು. ಬಗ್ಗಿ ಎತ್ತಿಕೊಂಡೆ.

ಇಡೀ ಕುಂಬಳಕಾಯಿ ಒಡೆದ ಮೇಲೆ ಒಂದೇ ಮನೆಯವರು ತಿಂದು ಮುಗಿಸುವುದಿಲ್ಲ. ಹೋಳು ಮಾಡಿ ಅಕ್ಕಪಕ್ಕದವರಿಗೆ ಹಂಚಬೇಕು. ಅದನ್ನೂ ಆಯಿಯೇ ಮಾಡಿದಳು. ಹಂಚಿದ ಕಡೆಯೆಲ್ಲ ಕುಂಬಳಕಾಯಿಯ ಜೊತೆಗೆ ‘ಮಾಸ್ತರ ಇವತ್ತ ಅಡಗಿ ಮಾಡಾಕತ್ತಾರ’ ಎಂಬ ಸುದ್ದಿಯನ್ನೂ ಕೊಟ್ಟು ಬಂದಳು. ಉಳಿದ ದೊಡ್ಡ ಹೋಳನ್ನು ಒಳಗೆ ತಂದು ವಿಡಿಯೋ ಹಚ್ಚಿದೆ. “ಎರಡು ಬಟ್ಟಲು ಕುಂಬಳಕಾಯಿಯ ಮೆತ್ತಗಿನ ತಿರುಳು ತೆಗೆದುಕೊಳ್ಳಿ,” ಎಂದಳು ಆ ಹೆಣ್ಣುಮಗಳು, ಪಕ್ಕದಲ್ಲಿದ್ದ ತುಂಬಿದ ಬಟ್ಟಲನ್ನು ಎತ್ತಿ ತೋರಿಸುತ್ತ. ನನ್ನ ಮುಂದೆ ಇದ್ದದ್ದು ಬೆರಳಿನಿಂದ ಗುದ್ದಿದರೆ ಬೆರಳಿಗೇ ನೋವಾಗುವ ಪದಾರ್ಥ. ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ, ಮೂರು ಸಲ ನೋಡಿದೆ. ಅವಳ ಬಟ್ಟಲಿನೊಳಗೆ ಅದು ಹೇಗೆ ಬಂತು ಎಂಬುದನ್ನು ಎಲ್ಲೂ ಹೇಳಿಲ್ಲ. ಅವಳ ಮನೆಯಲ್ಲೂ ಒಬ್ಬ ಕಾಶವ್ವ ಆಯಿ ಇದ್ದು, ಕ್ಯಾಮೆರಾದ ಆಚೆ ಬೇಯಿಸಿ, ಹಿಸುಕಿ, ಬಟ್ಟಲಿಗೆ ಹಾಕಿಕೊಟ್ಟು, ಕೈ ತೊಳೆಯಲು ಹೋಗಿರಬೇಕು.

ಕುದಿಸದೆ ಗತಿಯಿಲ್ಲ. ಆದರೆ ‘ಒಲಿ ಹಚ್ಚಲಾರದ ಮಾಡ್ತೇನಿ’ ಎಂದು ನಾನು ಹೆಂಡತಿಯ ಮುಂದೆ, ಸ್ಟಾಫ್ ರೂಮಿನಲ್ಲಿ, ಭಾವಮೈದುನನ ಫೋನಿನಲ್ಲಿ ಎಲ್ಲಾ ಕಡೆ ಡಂಗುರ ಸಾರಿದ್ದೆ. ಹಿತ್ತಲ ಬಾಗಿಲಿನಿಂದ ಆ ಹೋಳನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಆಯಿಯ ಮನೆಗೆ ಹೋದೆ. “ಆಯಿ, ಇದನ್ನಷ್ಟ ಕುದಿಸಿ ಕೊಡಬೇ.” ಆಯಿ ಕುಕ್ಕರ್ ಇಟ್ಟಳು. ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಇದು ಖರೆ. ಎಲ್ಲಾದರೂ ಹೊತ್ತಿತೇ ಎಂದು ನೀವು ಕೇಳಬಾರದು. ನಾನು ಕಲಿಸುವ ಪುಸ್ತಕದಲ್ಲೂ ಎಷ್ಟೋ ದೊಡ್ಡ ಮನುಷ್ಯರು ‘ತಾವೇ ಸ್ವತಃ’ ಕೆರೆ ಕಟ್ಟಿಸಿದ್ದಾರೆ, ಕೋಟೆ ಕಟ್ಟಿಸಿದ್ದಾರೆ. ಕಲ್ಲು ಹೊತ್ತವರು ಯಾರೆಂದು ನಾನು ಪರೀಕ್ಷೆಯಲ್ಲಿ ಕೇಳಿದವನಲ್ಲ.

ತಿರುಳು ತಂದು ಇಟ್ಟ ಮೇಲೆ ಸುರುವಾಯಿತು ನೋಡಿ ನಿಜವಾದ ಪಾಡು. ಯಾಲಕ್ಕಿ ಬೇಕು. ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಪ್ಪತ್ತು ಡಬ್ಬಿಗಳಿವೆ, ಯಾವುದರ ಒಳಗೆ ಏನಿದೆ ಎಂಬುದಕ್ಕೂ ಅದರ ಮೇಲಿನ ಚೀಟಿಗೂ ಸಂಬಂಧವಿಲ್ಲ. ಚಹಾಪುಡಿ ಎಂದು ಬರೆದಿದ್ದರಲ್ಲಿ ಸಾಸಿವೆ. ಬಿಸ್ಕೀಟಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ. ಬಾಯಿಯ ತುದಿಯವರೆಗೆ ‘ಸುವರ್ಣಾ, ಯಾಲಕ್ಕಿ ಎಲ್ಲೈತಿ’ ಬಂದು ನಿಂತಿತು. ಪಡಸಾಲೆಯಲ್ಲಿ ಸೂಜಿ ನಿಂತ ಹಾಗೆ ಅನಿಸಿತು. ನುಂಗಿಕೊಂಡೆ. ಒಂದೊಂದೇ ಡಬ್ಬಿ ತೆರೆದು, ಮೂಸಿ, ಅನುಮಾನ ಬಂದಲ್ಲಿ ನೆಕ್ಕಿ ನೋಡುತ್ತ ಹೋದೆ. ಅಡುಗೆ ಸೋಡಾ ನೆಕ್ಕಿದೆ. ಮಸಾಲೆ ಖಾರ ನೆಕ್ಕಿದೆ. ಇಂಗಿನ ಡಬ್ಬಿ ಮೂಸಿದ್ದಕ್ಕೆ ಏಳು ಸೀನು ಬಂದವು, ಒಂದನ್ನೂ ಜೋರಾಗಿ ಸೀನಲಿಲ್ಲ.

ಸಜ್ಜಿ ಹಿಟ್ಟಿನ ಡಬ್ಬಿಯಲ್ಲಿ ಕೈಗೆ ಕಾಗದ ಸಿಕ್ಕಿತು. ನಾಲ್ಕು ಮಡಿಕೆ ಮಾಡಿದ, ಮಡಿಕೆಯಲ್ಲಿ ಸವೆದು ಹರಿಯುತ್ತ ಬಂದ ಒಂದು ಹಸ್ತಪತ್ರ. ‘ಮಧುರೈ, ರಾಮೇಶ್ವರ, ಕನ್ಯಾಕುಮಾರಿ, ಎಂಟು ದಿನ.’ ಮೂಲೆಯಲ್ಲಿ ಸಮುದ್ರದ ಒಂದು ಮಸುಕು ಚಿತ್ರ. ಈ ವರ್ಷದ್ದಲ್ಲ, ಹೋದ ವರ್ಷದ್ದು. ಅದರೊಳಗೆ ಮತ್ತೊಂದು, ಅದರ ಹಿಂದಿನ ವರ್ಷದ್ದು. ಎರಡು ವರ್ಷ ಅವಳು ಕೇಳಿಯೇ ಇರಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ, ಕೇಳಿದ್ದರೆ ನಾನು ‘ಹೋಗಿ ಬಾ’ ಎನ್ನುತ್ತಿದ್ದೆ, ಅಂದ ಕೂಡಲೇ ‘ನನಗೆ ಊಟ?’ ಎಂಬ ಮುಖ ಮಾಡುತ್ತಿದ್ದೆ. ಆ ಮುಖವನ್ನು ಅವಳು ನನಗಿಂತ ಚೆನ್ನಾಗಿ ಬಲ್ಲಳು. ನನಗೆ ನಾಚಿಕೆಯಾಯಿತು. ಪಾಠದ ನಾಚಿಕೆಯಲ್ಲ, ಖರೆ ನಾಚಿಕೆ. ಕಾಗದಗಳನ್ನು ಇದ್ದ ಹಾಗೇ ಮಡಚಿ ಒಳಗೆ ತಳ್ಳಿ, ಈ ಹಾಳು ಸಿಹಿ ಇವತ್ತು ಗಟ್ಟಿಯಾಗಲೇಬೇಕು ಎಂದು ನಿರ್ಧಾರ ಮಾಡಿದೆ. ಯಾಲಕ್ಕಿ ಸಿಗಲಿಲ್ಲ, ಬಿಟ್ಟೆ.

ಬಿಸ್ಕೀಟನ್ನು ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಕುಟ್ಟಿದೆ. ಬೆಣ್ಣೆ ಕಲಸಿ ತಾಟಿನಲ್ಲಿ ಹರಡಿ ಒತ್ತಿದೆ. ಇಲ್ಲಿಯವರೆಗೆ ವಿಡಿಯೋದಲ್ಲಿ ಇದ್ದ ಹಾಗೇ ಬಂತು, ನನಗೇ ಆಶ್ಚರ್ಯ. ಇನ್ನು ಡಬ್ಬಿಯ ಗಟ್ಟಿಹಾಲು. ಅಂಗಡಿಯಲ್ಲಿ ಸಿಕ್ಕಿರಲಿಲ್ಲ, “ಅದೆಲ್ಲ ಯಾರ ತಗೋತಾರ್ರಿ ಇಲ್ಲಿ” ಎಂದು ಅಂಗಡಿಯವನು ನನ್ನನ್ನೇ ಬೈದ ಹಾಗೆ ಹೇಳಿದ್ದ. ನೋಡಿ, ಕಬ್ಬಿನ ಸೀಮೆಯಲ್ಲಿ ಹುಟ್ಟಿದ ಮನುಷ್ಯನಿಗೆ ಸಿಹಿ ಸಾಲದು ಎಂಬ ಸ್ಥಿತಿ ಬಂದರೆ ಅವನ ಕೈ ತಾನಾಗಿ ಒಂದೇ ಕಡೆ ಹೋಗುತ್ತದೆ. ಮುಧೋಳದ ಗಾಣದಿಂದ ಗೆಳೆಯನೊಬ್ಬ ಕಳಿಸಿದ್ದ ಕಾಕವಿ, ಅದೇ ನೀರು ಬೆಲ್ಲ, ದೊಡ್ಡ ಬಾಟಲಿಯ ತುಂಬ ಇತ್ತು. ಅದರ ಮೇಲೆ ಚೀಟಿಯೂ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಗಟ್ಟಿಹಾಲಿನ ಬದಲು ಕಾಕವಿ, ಇದರಲ್ಲೇನು ವ್ಯತ್ಯಾಸ? ಅದೂ ಸಿಹಿ, ಇದೂ ಸಿಹಿ. ಅಂದಾಜು ಹಾಕಿ ಸುರಿದೆ. ಬಾಟಲಿ ಅರ್ಧಕ್ಕೆ ಬಂತು. ಕೆನೆ ಹಾಕಿದೆ. ತಾಟಿನ ಬಿಸ್ಕೀಟಿನ ಮೇಲೆ ಸುರಿದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟು, ನನ್ನ ಜನ್ಮದಲ್ಲಿ ಮೊದಲ ಸಲ ಅಡುಗೆಮನೆಯ ನೆಲ ಒರೆಸಿದೆ.

ಒಂದು ತಾಸಿಗೆ ತೆರೆದು ನೋಡಿದೆ. ಅಲುಗಾಡಿತು. ಎರಡು ತಾಸಿಗೆ ನೋಡಿದೆ. ಈಗಲೂ ಅಲುಗಾಡಿತು. ಕರೆಂಟ್ ಹೋಯಿತು, ಬಂತು. ನಾಲ್ಕು ತಾಸಿಗೆ ತಾಟನ್ನು ಓರೆ ಮಾಡಿ ನೋಡಿದೆ. ಮೇಲಿನದು ಕೆಳಕ್ಕೆ ಬಂತು, ಕೆಳಗಿನ ಬಿಸ್ಕೀಟು ಮೇಲಕ್ಕೆ ತೇಲಿತು. ಕಾಕವಿ ಹುಟ್ಟಿದ್ದೇ ಹರಿಯಲಿಕ್ಕೆ, ಅದನ್ನು ಫ್ರಿಜ್ಜಿನಲ್ಲಿಟ್ಟು ಗದರಿಸಿದರೆ ನಿಲ್ಲುತ್ತದೆಯೇ? ಕತ್ತರಿಸಲು ತೆಗೆದಿಟ್ಟುಕೊಂಡಿದ್ದ ಚಾಕುವನ್ನು ಸದ್ದಿಲ್ಲದೆ ಜಾಗಕ್ಕಿಟ್ಟು ಸೌಟು ತೆಗೆದುಕೊಂಡೆ. ಸಂಜೆ ಐದಾಗಿತ್ತು. ಅವಳು ಪ್ರವಾಸಕ್ಕೆ ಹೆಸರು ಹೇಳಬೇಕಾದ ಹೊತ್ತು. ಕಂದು ಬಣ್ಣದ ಆ ದ್ರವವನ್ನು ಬಟ್ಟಲಿಗೆ ಹಾಕಿ, ಅವಳ ಮುಂದೆ ಹಿಡಿದು ನಿಂತೆ. ಮೂವತ್ತು ವರ್ಷದಲ್ಲಿ ಆ ಜಾಗದಲ್ಲಿ ದಿನಾ ಅವಳು ನಿಂತಿರುತ್ತಿದ್ದಳು, ನಾನು ಕೂತಿರುತ್ತಿದ್ದೆ. ನಿಲ್ಲುವುದು ಕಷ್ಟವೆಂದು ಗೊತ್ತಾಯಿತು.

ಸುವರ್ಣಾ ಒಂದು ಚಮಚ ಬಾಯಿಗಿಟ್ಟಳು. ಗೋಡೆ ನೋಡಿದಳು. ಎರಡನೇ ಚಮಚ.

“ಹೆಂಗೈತಿ?”

“ಕುಡಿಯೂದೋ, ತಿನ್ನೂದೋ?”

“ಗಟ್ಟಿ ಆಗಬೇಕಿತ್ತು. ಆಗಲಿಲ್ಲ,” ಎಂದೆ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ. “ಹೋಗೂದಿಲ್ಲ ಅಂತ ಅನ್ನಬ್ಯಾಡ. ನಾ ಏನರ ತಿಂದು ಇರ್ತೇನಿ. ನೀ ಸಮುದ್ರ ನೋಡಿ ಬಾ.”

“ನೀವು ಕರೀಲಿಲ್ಲಲ್ರೀ ನನ್ನ. ಕರಾರು ಅಷ್ಟ ಇತ್ತು,” ಎಂದು ಅವಳು ಎದ್ದಳು. ಆಮೇಲಿನದು ಅರ್ಧ ತಾಸಿನ ಮಾತು. ಆ ತಾಟನ್ನು ಬೋಗುಣಿಗೆ ಬಗ್ಗಿಸಿ, ಗೋಧಿ ಹಿಟ್ಟು ಹಾಕಿ, ಎಲ್ಲಿಂದಲೋ ಯಾಲಕ್ಕಿ ತೆಗೆದು ಕುಟ್ಟಿ ಹಾಕಿ, ಬಿಸ್ಕೀಟು ಬೆಣ್ಣೆ ಸಮೇತ ಎಲ್ಲವನ್ನೂ ನಾದಿ, ಒಲೆ ಹಚ್ಚಿ, ಎಣ್ಣೆ ಇಟ್ಟು, ಗಾರಗಿ ಕರಿಯಲು ಕೂತುಬಿಟ್ಟಳು. ಓವನ್ ಬೇಡ, ಒಲೆ ಬೇಡ ಎಂದು ಹೊರಟ ಪದಾರ್ಥ ಕೊನೆಗೆ ಕುದಿಯುವ ಎಣ್ಣೆಯಲ್ಲಿ ಉಬ್ಬಿ ಎದ್ದಿತು. ಒಂದು ದೊಡ್ಡ ಡಬ್ಬಿ ತುಂಬ ಆದವು. ಪ್ರವಾಸಕ್ಕೆ ಬುತ್ತಿಯಾಯಿತು ಎಂದಳು.

ಮಂಗಳವಾರ ನಸುಕಿನಲ್ಲಿ ಗಾಡಿ ಓಣಿಯ ಮೂಲೆಗೆ ಬಂತು. ನಾನು ಬ್ಯಾಗು ಹಿಡಿದು ಹೋದೆ. ಡಬ್ಬಿ ಆಗಲೇ ಒಮ್ಮೆ ಒಳಗೆ ಸುತ್ತಿ ಬಂದಿತ್ತು, ಕಿಟಕಿಯಿಂದ ಒಬ್ಬ ತಾಯಿ, “ಮಾಸ್ತರ, ಗಾರಗಿ ನೀವ ಮಾಡೀರಂತಲ್ರೀ? ನಮ್ಮನ್ಯಾವರು ಒಂದು ಕಪ್ ಚಹಾ ಮಾಡೂದಿಲ್ಲ ನೋಡ್ರಿ,” ಎಂದರು. ನಾನು ಸುವರ್ಣಾಳ ಕಡೆ ನೋಡಿದೆ. ಅವಳು ಬೇರೆ ಕಿಟಕಿ ನೋಡುತ್ತಿದ್ದಳು. “ಅದರಾಗೇನೈತ್ರಿ, ಸುಲಭ ಐತಿ,” ಎಂದೆ. ಇಂಥ ಸಮಯದಲ್ಲಿ ನಿಜ ಹೇಳಿ ಹನ್ನೊಂದು ಜನರ ಯಾತ್ರೆಯ ಆನಂದ ಕೆಡಿಸುವುದು ಸಜ್ಜನರ ಲಕ್ಷಣವಲ್ಲ. ಬೇರೆ ಹೆಂಗಸರೆಲ್ಲ ಗಂಡಂದಿರಿಗೆ ಹಾಲು, ನೀರು, ಗ್ಯಾಸು, ಬಾಗಿಲು ಎಂದು ಹತ್ತು ಹತ್ತು ಸೂಚನೆ ಕೊಡುತ್ತಿದ್ದರು. ನನ್ನವಳು ಒಂದೂ ಕೊಡಲಿಲ್ಲ. ನೋಡು, ಎಷ್ಟು ನಂಬಿಕೆ ಬಂತು ನನ್ನ ಮೇಲೆ, ಎಂದು ಎದೆಯುಬ್ಬಿಸಿ ಮನೆಗೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಎದೆ ತನ್ನಷ್ಟಕ್ಕೆ ತಾನೇ ಇಳಿಯಿತು. ಹಸಿವಿಗೆ ನಂಬಿಕೆ ನಿಲ್ಲುವುದಿಲ್ಲ.

ಒಂದೂವರೆಗೆ ಕಾಶವ್ವ ಆಯಿ ಸೆರಗಿನಡಿ ತಾಟು ಮುಚ್ಚಿಕೊಂಡು ಬಂದಳು. ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ ಸಾರು, ಅನ್ನ. “ಇವತ್ತ ನಂದು ಪಾಳಿ. ನಾಳಿ ಮೂಲಿ ಮನ್ಯಾವರದು, ನಾಡದ ಅವರ ಎದುರಿನವರದು. ಎಂಟೂ ದಿನದ್ದು ಸುವರ್ಣಾ ಹಚ್ಚಿಕೊಟ್ಟು ಹೋಗ್ಯಾಳ.”

“ಯಾವಾಗ?”

“ಪ್ರವಾಸಕ್ಕ ಹೆಸರು ಹೇಳಿದ ದಿನಾನ. ತಿಂಗಳಾತು.”

ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ತಿಂಗಳ ಹಿಂದೆಯೇ ಹೆಸರು ಹೇಳಿದ್ದರೆ, ಊಟಕ್ಕೂ ವ್ಯವಸ್ಥೆಯಾಗಿದ್ದರೆ, ನನ್ನನ್ನು ಇಡೀ ಭಾನುವಾರ ಆ ಅಡುಗೆಮನೆಯಲ್ಲಿ ನಿಲ್ಲಿಸಿ ಇಂಗು ಮೂಸಿಸಿದ್ದು ಯಾಕೆ? ಅದನ್ನೇ ಕೇಳಿದೆ.

ಓದುಗರೇ, ನನ್ನ ಒಂದು ಗುಣವನ್ನು ಇಲ್ಲಿಯವರೆಗೆ ನಿಮ್ಮಿಂದ ಮುಚ್ಚಿಟ್ಟಿದ್ದೇನೆ. ಊಟಕ್ಕೆ ಕೂತರೆ ಮೊದಲ ತುತ್ತಿಗೇ ನಾನು ಏನಾದರೂ ಒಂದು ಹೇಳುತ್ತೇನೆ. ಉಪ್ಪು ಕಮ್ಮಿ, ಖಾರ ಹೆಚ್ಚು, ಬೇಳೆ ಇನ್ನೊಂದು ಕುದಿ ಬೇಕಿತ್ತು. ಬೈಯುವುದಿಲ್ಲ, ಬರೀ ತಿದ್ದುತ್ತೇನೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಚಟ. ಬೀಗರ ಮನೆಯಲ್ಲೂ ತಿದ್ದಿದ್ದೇನೆ, ಸತ್ತವರ ದಿನದ ಊಟದಲ್ಲೂ ತಿದ್ದಿದ್ದೇನೆ. ಆ ಹೊತ್ತಿನಲ್ಲೂ ಸಾರಿನ ಮೊದಲ ತುತ್ತು ಬಾಯಲ್ಲಿತ್ತು, ಮಾತು ನಾಲಿಗೆಯ ಮೇಲಿತ್ತು.

ಆಯಿ ನೀರಿನ ತಂಬಿಗೆ ಮುಂದಿಟ್ಟು ಹೇಳಿದಳು. “ನಾನೂ ಕೇಳೇನ್ರೀಪಾ ಅಕೀನ್ನ, ಯಾಕವ್ವ ಮಾಸ್ತರನ್ನ ಕಾಡ್ತಿ ಅಂತ. ಅದಕ್ಕ ಅಕಿ ಅಂದ್ಲು, ‘ಆಯಿ, ನನ್ನ ಮುಂದ ಏನರ ಅನ್ಲಿ, ನಾ ಉಂಡು ಜೀರ್ಣಿಸಿಕೊಂಡೇನಿ. ಎಂಟು ಮನಿ ಹೆಣ್ಣಮಕ್ಕಳು ತಮ್ಮ ಕೆಲಸ ಬಿಟ್ಟು ತಂದು ಕೊಡ್ತಾರ. ಅವರ ಮುಂದ ಉಪ್ಪು ಕಮ್ಮಿ ಐತಿ ಅಂದ್ರ ನಾ ತಿರುಗಿ ಬಂದು ಯಾರ ಮಾರಿ ನೋಡ್ಲಿ? ಒಂದು ದಿನ ಒಳಗ ನಿಂತು ನೋಡ್ಲಿ, ಬಾಯಿ ತಾನ ಮುಚ್ಚತೈತಿ.’”

ಹೊರಗೆ ಓಣಿಯಲ್ಲಿ ಯಾರದೋ ಮನೆಯ ಬಾಗಿಲು ತೆರೆಯಿತು, ಮುಚ್ಚಿತು. ಆಯಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

“ಹೆಂಗಾಗೇತ್ರಿ ಸಾರು?”

ಸಾರಿಗೆ ಉಪ್ಪು ಹಾಕಿರಲೇ ಇಲ್ಲ, ಖರೇನೇ.

“ಭಾಳ ಛಲೋ ಆಗೇತಿ ಆಯಿ,” ಎಂದೆ. “ಇನ್ನೊಂದು ಸೌಟು ಹಾಕಬೇ.”